ಮಣ್ಣಿನ ಕಾಲು, ಮರದ ಕಣ್ಣು: ಪ್ರಾಚೀನ ರೋಮನರ ಆರೋಗ್ಯದ ಹರಕೆಗಳು

ರೋಮ್ ನಗರಕ್ಕೆ ಯಾತ್ರೆ ಹೋಗುವ ನಮ್ಮ ಕರಾವಳಿಯ ಭಕ್ತಾದಿಗಳು ಸಂತ ಪೇತ್ರರ ಮಹಾದೇವಾಲಯವನ್ನೂ ಸಂತ ಪಾವ್ಲರ ಸಮಾಧಿಯನ್ನೂ ತಪ್ಪದೆ ಸಂದರ್ಶಿಸಿ ಬರುತ್ತಾರೆ. ಆದರೆ ನಗರದ ನಡುವೆ ಹರಿಯುವ ಟೈಬರ್ ನದಿಯ ಪುಟ್ಟ ದ್ವೀಪಕ್ಕೆ ಕಾಲಿಡುವವರು ಕಡಿಮೆ. ಮುನ್ನೂರು ಮೀಟರ್ ಉದ್ದವೂ ಇಲ್ಲದ ಈ ದ್ವೀಪದಲ್ಲಿ ಪ್ರೇಷಿತ ಸಂತ ಬಾರ್ತೊಲೊಮಾಯರ ಹೆಸರಿನ ಬೆಸಿಲಿಕಾ ಒಂದು ಬದಿಯಲ್ಲಿದ್ದರೆ, ಇನ್ನೊಂದು ಬದಿಯಲ್ಲಿ ದೊಡ್ಡ ಆಸ್ಪತ್ರೆ ಇದೆ. ಚರ್ಚಿನ ಬಲಿಪೀಠದ ಮುಂದಿನ ಮೆಟ್ಟಿಲುಗಳಲ್ಲಿ ಒಂದು ಹಳೆಯ ಬಾವಿ ಕಾಣಸಿಗುತ್ತದೆ. ಕ್ರಿಸ್ತಪೂರ್ವ ಕಾಲದಲ್ಲಿ ಇದೇ ಸ್ಥಳದಲ್ಲಿ ವೈದ್ಯದೇವತೆ ಎಸ್ಕುಲಾಪಿಯಸನ ಮಂದಿರವಿತ್ತು. ರೋಗಿಗಳು ಇಲ್ಲಿಗೆ ಬಂದು, ತಮ್ಮ ನೋಯುತ್ತಿದ್ದ ಅಂಗದ ಮಣ್ಣಿನ ಪ್ರತಿರೂಪವನ್ನು ಕಾಣಿಕೆಯಾಗಿ ಇಟ್ಟು ಹೋಗುತ್ತಿದ್ದರು.

ಕಾಲು ನೋವಿಗೆ ಕಾಲು, ಕಣ್ಣು ಬೇನೆಗೆ ಕಣ್ಣು, ಮಕ್ಕಳಾಗದವರು ಗರ್ಭಕೋಶ. ಇಂತಹ ಹರಕೆ ನಮಗೆ ಹೊಸದೇನಲ್ಲ. ಮುಂಬಯಿಯ ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದ ಕೈಕಾಲುಗಳನ್ನು ಒಪ್ಪಿಸುವವರನ್ನು, ವೇಳಾಂಕಣ್ಣಿಯಲ್ಲಿ ಹರಕೆಯ ಕಾಣಿಕೆಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಬೆಳ್ತಂಗಡಿ ತಾಲ್ಲೂಕಿನ ಸುರ್ಯ ದೇವಸ್ಥಾನದಲ್ಲಿ ಹಿಂದೂ ಬಾಂಧವರು ಮಣ್ಣಿನ ಗೊಂಬೆಗಳ ಹರಕೆ ಸಲ್ಲಿಸುವುದೂ ಕರಾವಳಿಯವರಿಗೆ ತಿಳಿದದ್ದೇ. ಹಾಗಾದರೆ ಈ ಪದ್ಧತಿಯ ಅರ್ಥವೇನು? ರೋಮನರು ಇದನ್ನು ಯಾಕೆ ಮಾಡುತ್ತಿದ್ದರು? ಧರ್ಮಸಭೆ ಇದನ್ನು ಹೇಗೆ ನೋಡಿತು? ಹರಕೆ ಹೊತ್ತು ಅದನ್ನು ತೀರಿಸಲಾಗದೆ ಭಯಪಡುವವರಿಗೆ ಧರ್ಮಸಭೆ ಹೇಳುವುದೇನು? ಈ ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ನೋಡೋಣ.

ಸರ್ಪದ ಜೊತೆ ಬಂದ ವೈದ್ಯದೇವತೆ

ಕ್ರಿ.ಪೂ. 293ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹರಡಿತು. ಆಳುವವರು ಸಿಬಿಲ್ಲಾ ಗ್ರಂಥಗಳೆಂದು ಕರೆಯಲಾಗುತ್ತಿದ್ದ ದೇವವಾಣಿಯ ಪುಸ್ತಕಗಳನ್ನು ತೆರೆದು ನೋಡಿದಾಗ, ಗ್ರೀಸ್ ದೇಶದ ಎಪಿಡಾರಸಿನಿಂದ ವೈದ್ಯದೇವತೆ ಅಸ್ಕ್ಲೇಪಿಯಸನನ್ನು ಕರೆತರಬೇಕೆಂಬ ಉತ್ತರ ದೊರೆಯಿತು. ಕ್ವಿಂಟಸ್ ಒಗುಲ್ನಿಯಸ್ ಎಂಬಾತನ ನೇತೃತ್ವದಲ್ಲಿ ನಿಯೋಗವೊಂದು ಹೊರಟಿತು. ಅಲ್ಲಿಂದ ಆ ದೇವತೆಯ ಪವಿತ್ರ ಸರ್ಪ ತಾನಾಗಿಯೇ ಹಡಗು ಹತ್ತಿತೆಂದೂ, ರೋಮಿಗೆ ಬಂದಾಗ ಟೈಬರ್ ದ್ವೀಪದಲ್ಲಿ ಇಳಿಯಿತೆಂದೂ ರೋಮನ್ ಲೇಖಕರು ಬರೆದಿದ್ದಾರೆ. ಕ್ರಿ.ಪೂ. 291ರಲ್ಲಿ ದ್ವೀಪದ ಮಂದಿರ ಪ್ರತಿಷ್ಠೆಯಾಯಿತು. ರೋಮನರ ಬಾಯಲ್ಲಿ ಅಸ್ಕ್ಲೇಪಿಯಸ್ ಎಸ್ಕುಲಾಪಿಯಸನಾದ. ಮುಂದೆ ದ್ವೀಪದ ಅಂಚನ್ನು ಕಲ್ಲಿನಲ್ಲಿ ಹಡಗಿನ ಆಕಾರಕ್ಕೆ ಕಟ್ಟಿದರು. ಸರ್ಪ ಸುತ್ತಿದ ದಂಡದ ಕೆತ್ತನೆಯುಳ್ಳ ಆ ಕಲ್ಲಿನ ಒಂದು ಭಾಗ ಇಂದಿಗೂ ಉಳಿದಿದೆ.

19ನೇ ಶತಮಾನದ ಕೊನೆಯಲ್ಲಿ ನೆರೆ ತಡೆಯಲು ಟೈಬರ್ ನದಿಗೆ ದಂಡೆ ಕಟ್ಟುವ ಕೆಲಸ ನಡೆಯಿತು. ಆಗ ದ್ವೀಪದ ಆಸುಪಾಸಿನ ನದೀತಳದಿಂದ ಸುಟ್ಟ ಮಣ್ಣಿನ ಕೈ, ಕಾಲು, ತಲೆ, ಕರುಳುಗಳ ಪ್ರತಿಕೃತಿಗಳು ರಾಶಿ ರಾಶಿಯಾಗಿ ಮೇಲೆ ಬಂದವು. ಎರಡು ಸಾವಿರ ವರ್ಷಗಳ ಹಿಂದಿನ ಜನರ ನೋವು ಮಣ್ಣಿನ ರೂಪದಲ್ಲಿ ಕೈಗೆ ಸಿಕ್ಕಿತ್ತು.

ಇಟಲಿಯ ಉದ್ದಕ್ಕೂ ಹರಕೆಯ ಹೊಂಡಗಳು

ಇದು ರೋಮ್ ನಗರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮಧ್ಯ ಇಟಲಿಯೂ ಸೇರಿದಂತೆ ಸುಮಾರು 300 ಸ್ಥಳಗಳಲ್ಲಿ ಇಂತಹ ಹರಕೆಯ ವಸ್ತುಗಳು ದೊರೆತಿವೆ. ಕ್ರಿ.ಪೂ. 4ನೇ ಶತಮಾನದಿಂದ 1ನೇ ಶತಮಾನದವರೆಗೆ ಈ ಪದ್ಧತಿ ಅಲ್ಲಿ ಬಹಳ ಜೋರಾಗಿತ್ತು. ಎಸ್ಕುಲಾಪಿಯಸನಿಗೆ ಮಾತ್ರವಲ್ಲ, ನೆಮಿ ಸರೋವರದ ದಡದಲ್ಲಿ ದಿಯಾನಾ ದೇವಿಗೆ, ಇತರ ಕಡೆಗಳಲ್ಲಿ ಇನ್ನಿತರ ದೇವತೆಗಳಿಗೂ ಜನ ಹರಕೆ ಹೊರುತ್ತಿದ್ದರು.

ರೋಮಿನಿಂದ ಪೂರ್ವಕ್ಕೆ ಹೋಗುವ ಪ್ರೆನೆಸ್ತಿನಾ ರಸ್ತೆಯ ಒಂಬತ್ತನೇ ಮೈಲಿಯಲ್ಲಿ ಪೊಂಟೆ ದಿ ನೋನಾ ಎಂಬ ಸ್ಥಳವಿದೆ. 1970ರ ದಶಕದಲ್ಲಿ ಬ್ರಿಟಿಷ್ ಪ್ರಾಕ್ತನ ತಜ್ಞ ಟಿಮ್ ಪಾಟರ್ ಅವರು ಅಲ್ಲಿ ಉತ್ಖನನ ನಡೆಸಿದಾಗ ಸುಮಾರು 8,000 ಮಣ್ಣಿನ ಹರಕೆಗಳು ಸಿಕ್ಕಿದವು. ಅವುಗಳಲ್ಲಿ ಪಾದ ಮತ್ತು ಕೈಗಳದ್ದೇ ದೊಡ್ಡ ಪಾಲು. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ರೈತ, ದೂರ ದಾರಿ ನಡೆದು ಬರುವ ಪ್ರಯಾಣಿಕ, ಕತ್ತಿ ಗುದ್ದಲಿಯಿಂದ ಗಾಯ ಮಾಡಿಕೊಳ್ಳುವ ಕೂಲಿಯಾಳು, ಇವರೇ ಅಲ್ಲಿಗೆ ಬರುತ್ತಿದ್ದ ಭಕ್ತರಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಕಾಲಿನ ಒಂದು ಗಾಯ ಕೀವಾದರೆ ದುಡಿಮೆ ನಿಲ್ಲುತ್ತಿತ್ತು, ಮನೆಯವರು ಉಪವಾಸ ಬೀಳುತ್ತಿದ್ದರು, ಕೆಲವೊಮ್ಮೆ ಪ್ರಾಣವೇ ಹೋಗುತ್ತಿತ್ತು.

ಈ ಹರಕೆಗಳನ್ನು ತಯಾರಿಸುವ ವಿಧಾನ ಸರಳವಾಗಿತ್ತು. ಕುಂಬಾರರು ಅಚ್ಚಿಗೆ ಹಸಿ ಮಣ್ಣನ್ನು ಒತ್ತಿ, ಒಣಗಿಸಿ, ಆವಿಗೆಯಲ್ಲಿ ಸುಡುತ್ತಿದ್ದರು. ಒಂದೇ ಅಚ್ಚಿನಿಂದ ಎಷ್ಟೋ ಕಾಲುಗಳು ತಯಾರಾಗುತ್ತಿದ್ದುದರಿಂದ ಬೆಲೆ ಬಡವರ ಕೈಗೆ ಎಟಕುವಂತಿತ್ತು. ಹೆಚ್ಚಿನವುಗಳ ಮೇಲೆ ಹೆಸರಿಲ್ಲ, ಬರಹವಿಲ್ಲ. ಹರಕೆ ತಂದವನ ನೋವು ಅವನಿಗೂ ಅವನ ದೇವತೆಗೂ ಗೊತ್ತಿದ್ದರೆ ಸಾಕಿತ್ತು.

ಮಂದಿರದ ಕಟ್ಟೆ ಹರಕೆಗಳಿಂದ ತುಂಬಿದಾಗ ಹಳೆಯವನ್ನು ತೆಗೆದು ಬೀದಿಗೆ ಎಸೆಯುತ್ತಿರಲಿಲ್ಲ. ಒಮ್ಮೆ ದೇವರಿಗೆ ಒಪ್ಪಿಸಿದ್ದು ದೇವರ ಸೊತ್ತು ಎಂಬ ನಂಬಿಕೆಯಿಂದ, ಮಂದಿರದ ಆವರಣದಲ್ಲೇ ಹೊಂಡ ತೋಡಿ ಅವುಗಳನ್ನು ಹೂಳುತ್ತಿದ್ದರು. ಆ ಹೊಂಡಗಳಿಂದಾಗಿಯೇ ಇಂದು ನಾವು ಈ ಸಾಮಾನ್ಯ ಜನರ ಬಗ್ಗೆ ತಿಳಿಯಲು ಸಾಧ್ಯವಾಗಿದೆ. ಸಾಮ್ರಾಟರ ಚರಿತ್ರೆ ಬರೆದವರು ಹೊಲದ ಆಳಿನ ಕಾಲುನೋವನ್ನು ಬರೆಯಲಿಲ್ಲ.

ತಾಯಂದಿರ ಹರಕೆ

ದೊರೆತ ವಸ್ತುಗಳಲ್ಲಿ ಮನಸ್ಸನ್ನು ಹೆಚ್ಚು ತಟ್ಟುವುದು ಹೆಂಗಸರ ಹರಕೆಗಳು. ಗರ್ಭಕೋಶ, ಸ್ತನ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಹಸುಗೂಸು, ಇವು ಅನೇಕ ಕಡೆ ಸಿಗುತ್ತವೆ. ಎತ್ರುಸ್ಕರ ಹಳೆಯ ನಗರವಾದ ವುಲ್ಚಿಯ ಬಳಿ ದೊರೆತ ಕೆಲವು ಮಣ್ಣಿನ ಗರ್ಭಕೋಶಗಳನ್ನು ಎಕ್ಸ್‌ರೇ ಮೂಲಕ ಪರೀಕ್ಷಿಸಿದಾಗ ಒಳಗೆ ಸಣ್ಣ ಮಣ್ಣಿನ ಗುಂಡುಗಳಿರುವುದು ಕಂಡುಬಂತು. ಹೊರಗಿನಿಂದ ಕಾಣದಂತೆ, ಮಾಡುವಾಗಲೇ ಒಳಗಿಟ್ಟು ಮುಚ್ಚಿದ ಗುಂಡುಗಳವು. ಮಗುವಿನ ಆಸೆಯೇ ಇರಬಹುದು, ಹೊಟ್ಟೆಯಲ್ಲಿದ್ದ ಮಗುವಿನ ರಕ್ಷಣೆಯ ಬೇಡಿಕೆಯೂ ಇರಬಹುದು. ಹೆರಿಗೆಯಲ್ಲಿ ತಾಯಿಯೋ ಮಗುವೋ ಸಾಯುವುದು ದಿನನಿತ್ಯದ ಸಂಗತಿಯಾಗಿದ್ದ ಕಾಲವದು.

ಇಲ್ಲಿ ಒಂದು ಎಚ್ಚರ ಅಗತ್ಯ. ಇಷ್ಟು ಪಾದಗಳು ಸಿಕ್ಕಿದವು, ಆದ್ದರಿಂದ ಇಷ್ಟು ಜನರಿಗೆ ಕಾಲಿನ ರೋಗವಿತ್ತು ಎಂದು ಲೆಕ್ಕ ಹಾಕಲಾಗದು. ಪಾದ ಎಂದರೆ ಕ್ಷೇಮವಾಗಿ ಮುಗಿದ ಪ್ರಯಾಣವೂ ಆಗಬಹುದು. ಕಿವಿ ಎಂದರೆ ಕಿವುಡುತನವೂ ಆಗಬಹುದು, ತನ್ನ ಮೊರೆಯನ್ನು ಕೇಳಿಸಿಕೊಳ್ಳುವ ದೇವರ ಕಿವಿಯೂ ಆಗಬಹುದು. ಜೋಡಿಸಿದ ಕೈಗಳು ಪ್ರಾರ್ಥನೆಯ ಸಂಕೇತವೂ ಹೌದು. ಕೆಲವರು ಬೇಡುವಾಗ ಇಟ್ಟರು, ಕೆಲವರು ಗುಣವಾದ ಮೇಲೆ ಇಟ್ಟರು.

ನದಿಯ ಮೂಲದಲ್ಲಿ ಮರದ ಮೂರ್ತಿಗಳು

ಇಟಲಿಯಲ್ಲಿ ಮಣ್ಣಿನ ಹರಕೆಗಳು ಕಡಿಮೆಯಾದ ನಂತರ ರೋಮನ್ ಆಳ್ವಿಕೆಯ ಗಾಲ್, ಅಂದರೆ ಇಂದಿನ ಫ್ರಾನ್ಸ್ ದೇಶದಲ್ಲಿ ಇದೇ ಪದ್ಧತಿ ಮರದ ರೂಪದಲ್ಲಿ ಕಾಣಿಸುತ್ತದೆ. ದಿಜೋನ್ ನಗರಕ್ಕೆ ಸಮೀಪದಲ್ಲಿ ಸೇನ್ ನದಿ ಹುಟ್ಟುತ್ತದೆ. ಅಲ್ಲಿ ಸೆಕ್ವಾನಾ ಎಂಬ ದೇವಿಯ ಕ್ಷೇತ್ರವಿತ್ತು. 1963ರಲ್ಲಿ ಅಲ್ಲಿನ ಕೆಸರಿನಿಂದ ಓಕ್ ಮರದಲ್ಲಿ ಕೆತ್ತಿದ ತಲೆ, ಕೈ, ಕಾಲು, ಒಳಾಂಗಗಳು ಬಹು ಸಂಖ್ಯೆಯಲ್ಲಿ ಹೊರಬಂದವು. ಕಣ್ಣುಗಳನ್ನು ಮೂಡಿಸಿದ ತೆಳುವಾದ ಕಂಚಿನ ತಗಡುಗಳೂ ಅಲ್ಲಿ ದೊರೆತಿವೆ. ಕ್ಲೇರ್ಮೋನ್-ಫೆರಾನ್ ನಗರದ ಪಕ್ಕದ ಶಾಮಲಿಯೇರ್ ಎಂಬಲ್ಲಿ 1968ರ ನಂತರ ಚಿಲುಮೆಯೊಂದರ ಸುತ್ತ ಸಾವಿರಾರು ಮರದ ಹರಕೆಗಳು ಸಿಕ್ಕಿದವು. ಸಾಮಾನ್ಯವಾಗಿ ಮರ ಕೊಳೆತು ಹೋಗುತ್ತದೆ. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿ ಸೋಕದ ಕಾರಣ ಇವು ಉಳಿದವು.

ಪವಿತ್ರ ನಾಡಿನಲ್ಲೂ ಇಂತಹ ಒಂದು ಸಾಕ್ಷ್ಯವಿದೆ. ಜೆರುಸಲೇಮಿನ ಸಂತ ಅನ್ನಮ್ಮನವರ ಚರ್ಚಿನ ಪಕ್ಕದಲ್ಲಿ ಬೆಥೆಸ್ದಾ ಕೊಳದ ಅವಶೇಷಗಳಿವೆ. ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನನ್ನು ಯೇಸುಸ್ವಾಮಿ ಎಬ್ಬಿಸಿ ನಡೆಸಿದ ಸ್ಥಳವದು (ಯೊವಾನ್ನ 5). ಯೇಸುವಿನ ಕಾಲಕ್ಕೆ ಸುಮಾರು ನೂರು ವರ್ಷಗಳ ನಂತರ, ರೋಮನರು ಜೆರುಸಲೇಮನ್ನು ತಮ್ಮ ನಗರವಾಗಿ ಮರುಕಟ್ಟಿದಾಗ ಅಲ್ಲೊಂದು ಅನ್ಯದೇವತೆಯ ಆರೋಗ್ಯಕ್ಷೇತ್ರ ನಡೆಯುತ್ತಿತ್ತು. 19ನೇ ಶತಮಾನದಲ್ಲಿ ಅಲ್ಲಿ ಅಮೃತಶಿಲೆಯ ಒಂದು ಪಾದ ದೊರೆಯಿತು. ಪೊಂಪೆಯಾ ಲುಚಿಲಿಯಾ ಎಂಬ ಮಹಿಳೆ ಅದನ್ನು ಒಪ್ಪಿಸಿದಳೆಂದು ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ಕೆತ್ತಲಾಗಿದೆ.

ಒಪ್ಪಂದವೋ, ಕೃತಜ್ಞತೆಯೋ?

ರೋಮನರ ಹರಕೆಯ ಕಲ್ಲುಗಳ ಕೊನೆಯಲ್ಲಿ ವಿ, ಎಸ್, ಎಲ್, ಎಂ ಎಂಬ ನಾಲ್ಕು ಲ್ಯಾಟಿನ್ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಹರಕೆಯನ್ನು ಮನಃಪೂರ್ವಕವಾಗಿ, ಯೋಗ್ಯವಾಗಿಯೇ ತೀರಿಸಿದ್ದೇನೆ ಎಂಬುದು ಅದರ ಭಾವ. ನೀನು ನನ್ನನ್ನು ಗುಣಪಡಿಸಿದರೆ ನಾನು ಇಂಥದ್ದನ್ನು ಕೊಡುತ್ತೇನೆ ಎಂದು ಮೊದಲು ಮಾತು ಕೊಡುವುದು, ಗುಣವಾದ ಮೇಲೆ ಸಾಲ ತೀರಿಸಿದಂತೆ ಅದನ್ನು ತೀರಿಸುವುದು, ಇದು ರೋಮನ್ ಹರಕೆಯ ಕ್ರಮ. ಇದನ್ನು ಬರೀ ವ್ಯಾಪಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮನಃಪೂರ್ವಕವಾಗಿ ಎಂಬ ಪದದಲ್ಲಿ ಉಪಕಾರ ಸ್ಮರಣೆಯೂ ಇದೆ.

ಇನ್ನೊಂದು ಅರ್ಥವೂ ಇದೆ. ಅಂಗದ ಬದಲಿಗೆ ಅಂಗದ ರೂಪ. ಕ್ರಿ.ಶ. 2ನೇ ಶತಮಾನದ ವಾಗ್ಮಿ ಏಲಿಯಸ್ ಅರಿಸ್ಟೈಡಿಸ್ ದೀರ್ಘಕಾಲ ರೋಗಿಯಾಗಿ ಪೆರ್ಗಾಮದ ಅಸ್ಕ್ಲೇಪಿಯಸ್ ಕ್ಷೇತ್ರದಲ್ಲಿ ತಂಗಿದ್ದ. ಇಡೀ ದೇಹ ಉಳಿಯಬೇಕಾದರೆ ದೇಹದ ಒಂದು ಭಾಗವನ್ನು ಕತ್ತರಿಸಿ ಕೊಡಬೇಕೆಂದು ಕನಸಿನಲ್ಲಿ ದೇವತೆ ಹೇಳಿದನಂತೆ. ನಂತರ ಅದು ಕಷ್ಟವೆಂದು ರಿಯಾಯಿತಿ ತೋರಿ, ಬೆರಳಿನ ಉಂಗುರವನ್ನು ಒಪ್ಪಿಸಿದರೆ ಸಾಕು ಎಂದನೆಂದು ಅರಿಸ್ಟೈಡಿಸ್ ಬರೆದಿದ್ದಾನೆ.

ಆದರೆ ಈ ಸಂಬಂಧದಲ್ಲಿ ಭಯದ ನೆರಳೂ ದಟ್ಟವಾಗಿತ್ತು. ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಕ್ರಿ.ಶ. 1ರಿಂದ 3ನೇ ಶತಮಾನದ ತಪ್ಪೊಪ್ಪಿಗೆಯ ಶಾಸನಗಳು ಹಲವಾರು ದೊರೆತಿವೆ. ತಾನು ಇಂತಹ ಅಪರಾಧ ಮಾಡಿದೆ, ಅಥವಾ ಹರಕೆ ತೀರಿಸಲು ತಡಮಾಡಿದೆ, ದೇವತೆ ರೋಗ ಕೊಟ್ಟು ಶಿಕ್ಷಿಸಿತು ಎಂದು ಅವುಗಳಲ್ಲಿ ಬರೆಸಿ, ಕೆಲವದರಲ್ಲಿ ಕಣ್ಣು, ಕಾಲುಗಳನ್ನೂ ಕೆತ್ತಿಸಲಾಗಿದೆ. ಒಬ್ಬರು ಮಾಡಿದ ತಪ್ಪಿಗೆ ಮನೆಯ ಮತ್ತೊಬ್ಬರು ಶಿಕ್ಷೆ ಅನುಭವಿಸಿದ ಪ್ರಸಂಗಗಳೂ ಅಲ್ಲಿವೆ. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದ ಪ್ರಶ್ನೆಯ ಹಿಂದೆ ಇಂತಹದೇ ಆಲೋಚನೆ ಇತ್ತು. ಯೇಸು ಇಬ್ಬರೂ ಅಲ್ಲವೆಂದರು (ಯೊವಾನ್ನ 9). ಗುಣಪಡಿಸಿದ್ದಕ್ಕೆ ಕಾಣಿಕೆಯನ್ನೂ ಕೇಳಲಿಲ್ಲ. ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ತಿರುಗಿ ಬಂದಾಗ ಅವರು ವಿಚಾರಿಸಿದ್ದು ಉಳಿದ ಒಂಬತ್ತು ಮಂದಿಯನ್ನು, ಹರಕೆಯನ್ನಲ್ಲ.

ಧರ್ಮಸಭೆ ಕಂಡ ಎರಡು ಮುಖ

ಬೈಬಲ್ ಓದುವವರಿಗೆ 1 ಸಮುವೇಲ ಗ್ರಂಥದ 6ನೇ ಅಧ್ಯಾಯ ನೆನಪಿರಬಹುದು. ಮಂಜೂಷವನ್ನು ಕೊಂಡೊಯ್ದು ಬಾವಿನ ರೋಗಕ್ಕೆ ತುತ್ತಾದ ಫಿಲಿಷ್ಟಿಯರು, ಬಂಗಾರದ ಐದು ಬಾವುಗಳನ್ನೂ ಐದು ಇಲಿಗಳನ್ನೂ ಮಾಡಿಸಿ ಇಸ್ರಯೇಲಿನ ದೇವರಿಗೆ ಕಳುಹಿಸಿದರು. ಪದ್ಧತಿ ಅಷ್ಟು ಹಳೆಯದು.

ಆರಂಭದ ಕ್ರೈಸ್ತರಲ್ಲಿ ಈ ಬಗ್ಗೆ ಎರಡು ರೀತಿಯ ಸಾಕ್ಷ್ಯ ಸಿಗುತ್ತದೆ. 5ನೇ ಶತಮಾನದಲ್ಲಿ ಸಿರಿಯಾದ ಸಿರ್ ಎಂಬಲ್ಲಿನ ಬಿಷಪ್ ಥಿಯೊಡೊರೆಟ್, ರಕ್ತಸಾಕ್ಷಿಗಳ ಸಮಾಧಿಗಳಲ್ಲಿ ಗುಣ ಹೊಂದಿದವರು ಬಂಗಾರ, ಬೆಳ್ಳಿ ಅಥವಾ ಮರದ ಕಣ್ಣು, ಕೈ, ಕಾಲುಗಳನ್ನು ತಂದಿಡುವುದನ್ನು ಸಂತೋಷದಿಂದ ವರ್ಣಿಸುತ್ತಾರೆ. ಬಡವರ ಸಣ್ಣ ಕಾಣಿಕೆಯನ್ನೂ ಪ್ರಭು ಸ್ವೀಕರಿಸುತ್ತಾರೆಂದು ಅವರು ಹೇಳುತ್ತಾರೆ. ಆದರೆ 6ನೇ ಶತಮಾನದಲ್ಲಿ ತೂರ್ ನಗರದ ಬಿಷಪ್ ಸಂತ ಗ್ರೆಗರಿ, ತಮ್ಮ ತಂದೆಯ ಸಹೋದರರಾದ ಸಂತ ಗಾಲ್ ಅವರು ಕೊಲೋನ್ ನಗರದಲ್ಲಿ ಒಂದು ಅನ್ಯಮಂದಿರಕ್ಕೆ ಬೆಂಕಿ ಹಚ್ಚಿದ ಘಟನೆಯನ್ನು ಬರೆಯುತ್ತಾ, ಅಲ್ಲಿ ಜನ ನೋಯುವ ಅಂಗವನ್ನು ಮರದಲ್ಲಿ ಕೆತ್ತಿಡುತ್ತಿದ್ದರೆಂದು ಖಂಡಿಸುತ್ತಾರೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಓಸೇರ್ ನಗರದಲ್ಲಿ ಸೇರಿದ ಸಿನೊಡ್ ಮರದ ಪಾದಗಳನ್ನು ಮಾಡುವುದನ್ನು ನಿಷೇಧಿಸಿತು.

ವಸ್ತು ಒಂದೇ, ಅಭಿಪ್ರಾಯ ಎರಡು. ಯಾಕೆ? ಮರದ ಕಾಲಿನಲ್ಲೇ ಶಕ್ತಿಯಿದೆ, ಅದನ್ನು ಮರದ ಬುಡದಲ್ಲೋ ಚಿಲುಮೆಯಲ್ಲೋ ಇಟ್ಟರೆ ರೋಗ ಬಿಟ್ಟುಹೋಗುತ್ತದೆ ಎಂದು ನಂಬುವುದು ಒಂದು. ದೇವರು ಮಾಡಿದ ಉಪಕಾರವನ್ನು ಊರಿಗೆ ಸಾರುವ ಗುರುತಾಗಿ ಅದನ್ನು ಇಡುವುದು ಇನ್ನೊಂದು. ಮೊದಲನೆಯದನ್ನು ಧರ್ಮಸಭೆ ತಡೆಯಿತು, ಎರಡನೆಯದನ್ನು ಉಳಿಸಿಕೊಂಡಿತು.

ಸಂತ ಪಾವ್ಲರು ಕೊರಿಂಥದವರಿಗೆ ಒಂದೇ ದೇಹ, ಅನೇಕ ಅಂಗಗಳು ಎಂದು ಬರೆದದ್ದು, ಅಲ್ಲಿನ ಅಸ್ಕ್ಲೇಪಿಯಸ್ ಮಂದಿರದ ಮಣ್ಣಿನ ಅಂಗಗಳನ್ನು ಕಂಡೇ ಇರಬಹುದೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಆದರೆ ಅಲ್ಲಿ ದೊರೆತ ಹರಕೆಗಳು ಪಾವ್ಲರಿಗಿಂತ ಶತಮಾನಗಳಷ್ಟು ಹಿಂದಿನವು, ಅವರ ಕಾಲಕ್ಕೆ ಮಣ್ಣಿನಡಿ ಸೇರಿದ್ದವು. ಆದ್ದರಿಂದ ಪ್ರವಚನದಲ್ಲಿ ಇದನ್ನು ಖಚಿತ ಸಂಗತಿಯಂತೆ ಹೇಳದಿರುವುದು ಒಳ್ಳೆಯದು.

ಹರಕೆಯ ಭಯದಲ್ಲಿರುವವರಿಗೆ

ನಮ್ಮ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರಿಗೆ ಇದೆಲ್ಲ ಬರೀ ಇತಿಹಾಸವಲ್ಲ. ಅಜ್ಜಿ ಹೊತ್ತ ಹರಕೆ ತೀರಲಿಲ್ಲ, ಅದಕ್ಕೇ ಮನೆಯಲ್ಲಿ ಮಗುವಿಗೆ ಕಾಯಿಲೆ ಎಂದು ಕೊರಗುವ ಕುಟುಂಬಗಳು ಇಂದೂ ಇವೆ. ಅವರಿಗೆ ಧರ್ಮಸಭೆಯ ಕಾನೂನು ಸ್ಪಷ್ಟವಾದ ಸಮಾಧಾನ ಕೊಡುತ್ತದೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1191ನೇ ವಿಧಿಯ ಪ್ರಕಾರ ಹರಕೆ ಎಂದರೆ ಸಾಧ್ಯವಾದ ಒಳ್ಳೆಯ ಕಾರ್ಯವೊಂದರ ಬಗ್ಗೆ ದೇವರಿಗೆ ತಿಳಿದು, ಸ್ವತಂತ್ರವಾಗಿ ಕೊಡುವ ಮಾತು. ಬೆದರಿಕೆಗೆ ಒಳಗಾಗಿ ಹೊತ್ತದ್ದು ಹರಕೆಯೇ ಅಲ್ಲ. 1193ನೇ ವಿಧಿ ಹೇಳುವಂತೆ ಹರಕೆಯು ಅದನ್ನು ಹೊತ್ತವರನ್ನು ಮಾತ್ರ ಬದ್ಧಗೊಳಿಸುತ್ತದೆ. ಅಂದರೆ ಅಜ್ಜಿಯ ಹರಕೆ ಮೊಮ್ಮಗಳ ತಲೆಯ ಮೇಲಿನ ಸಾಲವಲ್ಲ. ಅಜ್ಜಿಯ ಮೇಲಿನ ಪ್ರೀತಿಯಿಂದ ಅವಳು ಅದನ್ನು ಸಲ್ಲಿಸಿದರೆ ಒಳ್ಳೆಯದೇ, ಸಲ್ಲಿಸದಿದ್ದರೆ ದೇವರು ಮಗುವಿನ ಮೇಲೆ ಸೇಡು ತೀರಿಸುವುದಿಲ್ಲ. ತಾನೇ ಹೊತ್ತ ವೈಯಕ್ತಿಕ ಹರಕೆಯನ್ನು ಅದಕ್ಕೆ ಸಮಾನವಾದ ಅಥವಾ ಅದಕ್ಕಿಂತ ಉತ್ತಮವಾದ ಕಾರ್ಯಕ್ಕೆ ಬದಲಿಸಿಕೊಳ್ಳಲು ಅವಕಾಶವಿದೆ (ವಿಧಿ 1197). ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳೇ ತಮ್ಮ ಭಕ್ತರಿಗೆ ಅದರಿಂದ ವಿನಾಯಿತಿ ಕೊಡಬಹುದು (ವಿಧಿ 1196). ಭಯದಿಂದ ನಿದ್ದೆಗೆಟ್ಟವರು ಮಾಟಮಂತ್ರದವರ ಮನೆಬಾಗಿಲಿಗೆ ಹೋಗುವ ಬದಲು ತಮ್ಮ ಚರ್ಚಿನ ಗುರುಗಳ ಬಳಿ ಹೋಗಿ ಮಾತನಾಡಲಿ.

ಅದೇ ರೀತಿ, ಮೇಣದ ಕೈ ಹಿಡಿದು ಬರುವ ಮುಗ್ಧ ಭಕ್ತರನ್ನು ಕಂಡು ನಗುವುದೂ ಸಲ್ಲದು. ಪುಣ್ಯಕ್ಷೇತ್ರಗಳಲ್ಲಿ ಜನಪದ ಭಕ್ತಿಯ ಹರಕೆ ವಸ್ತುಗಳನ್ನು ಪ್ರದರ್ಶಿಸಿ ಜೋಪಾನವಾಗಿ ಕಾಪಾಡಬೇಕೆಂದು 1234ನೇ ವಿಧಿ ಆದೇಶಿಸುತ್ತದೆ. ಹರಕೆಯ ಜೊತೆಗೆ ವೈದ್ಯರ ಔಷಧಿಯನ್ನು ಬಿಡಬಾರದೆಂದು ಮಾತ್ರ ಪ್ರೀತಿಯಿಂದ ಹೇಳಬೇಕು.

ದ್ವೀಪದಲ್ಲಿ ಉಳಿದದ್ದು

ಟೈಬರ್ ದ್ವೀಪದ ಕಥೆಗೆ ಒಂದು ಕಹಿ ಅಧ್ಯಾಯವೂ ಇದೆ. ಕಾಯಿಲೆ ಬಿದ್ದ ಗುಲಾಮರಿಗೆ ಔಷಧಿಯ ಖರ್ಚು ಮಾಡಲು ಮನಸ್ಸಿಲ್ಲದ ಕೆಲವು ಒಡೆಯರು ಅವರನ್ನು ಎಸ್ಕುಲಾಪಿಯಸನ ದ್ವೀಪದಲ್ಲಿ ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಡಲ್ಪಟ್ಟವರು ಗುಣವಾದರೆ ಸ್ವತಂತ್ರರು, ಅವರನ್ನು ಕೊಂದ ಒಡೆಯ ಕೊಲೆಗಾರ ಎಂದು ಸಾಮ್ರಾಟ ಕ್ಲಾಡಿಯಸ್ ಆಜ್ಞೆ ಹೊರಡಿಸಬೇಕಾಯಿತು ಎಂದು ಇತಿಹಾಸಕಾರ ಸುಯೆಟೋನಿಯಸ್ ದಾಖಲಿಸಿದ್ದಾನೆ. ಮಣ್ಣಿನ ಕಾಲನ್ನು ಭಕ್ತಿಯಿಂದ ಹೂಳುತ್ತಿದ್ದ ನಗರದಲ್ಲೇ ಜೀವಂತ ರೋಗಿಯನ್ನು ಎಸೆಯುವವರೂ ಇದ್ದರು.

4ನೇ ಶತಮಾನದ ಕೊನೆಯಲ್ಲಿ ಫಾಬಿಯೋಲಾ ಎಂಬ ಕ್ರೈಸ್ತ ಮಹಿಳೆ ತನ್ನ ಆಸ್ತಿ ಮಾರಿ ರೋಮಿನಲ್ಲಿ ಬಡ ರೋಗಿಗಳಿಗಾಗಿ ಆಸ್ಪತ್ರೆ ತೆರೆದಳೆಂದೂ, ಬೀದಿಯಲ್ಲಿ ಬಿದ್ದವರನ್ನು ತಾನೇ ಹೊತ್ತು ತಂದು ಗಾಯ ತೊಳೆಯುತ್ತಿದ್ದಳೆಂದೂ ಸಂತ ಜೆರೋಮ್ ಬರೆದಿದ್ದಾರೆ. 10ನೇ ಶತಮಾನದ ಕೊನೆಯಲ್ಲಿ ಸಾಮ್ರಾಟ ಮೂರನೇ ಒಟ್ಟೊ ದ್ವೀಪದಲ್ಲಿ ಚರ್ಚ್ ಕಟ್ಟಿಸಿದ. 16ನೇ ಶತಮಾನದಲ್ಲಿ ದೇವರ ಸಂತ ಜಾನ್ ಸಭೆಯ ಸಹೋದರರು ಅಲ್ಲಿ ಆಸ್ಪತ್ರೆ ಆರಂಭಿಸಿದರು. 1943ರಲ್ಲಿ ನಾಜಿಗಳು ರೋಮಿನ ಯೆಹೂದ್ಯರನ್ನು ಹಿಡಿದೊಯ್ಯುತ್ತಿದ್ದಾಗ ಅಲ್ಲಿನ ವೈದ್ಯರು 'ಕೆ ರೋಗ' ಎಂಬ ಇಲ್ಲದ ಕಾಯಿಲೆಯ ಹೆಸರು ಹೇಳಿ ಹಲವರನ್ನು ಬಚ್ಚಿಟ್ಟು ಉಳಿಸಿದರು. ಇಂದಿಗೂ ಅಲ್ಲಿ ರೋಗಿಗಳ ಸೇವೆ ನಡೆಯುತ್ತಿದೆ.

ನಮ್ಮ ಹರಕೆಗಳೂ ಇದೇ ದಾರಿಯಲ್ಲಿ ಸಾಗಲಿ. ಕಾಲು ಗುಣವಾದವರು ಮೇಣದ ಕಾಲನ್ನು ಧಾರಾಳವಾಗಿ ಒಪ್ಪಿಸಲಿ. ಅದರ ಜೊತೆಗೆ ತಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬರ ಮನೆಗೆ ಗುಣವಾದ ಅದೇ ಕಾಲುಗಳಿಂದ ನಡೆದು ಹೋಗಿ ಬರಲಿ. ಅದಕ್ಕಿಂತ ಉತ್ತಮವಾದ ಹರಕೆ ಬೇರೆ ಇರಲಾರದು.